ಬಾಲದೊಳಗಿನ ಎಳೆ

“ಒಂದು ಹಲ್ಲಿಗೆ ಎರಡು ಹುಳ ತಿನ್ನಿಸೋ ಯೋಗ್ಯತೆ ಇಲ್ಲ ನಿನಗೆ. ನಿನ್ನಂಥವನ ಕೈಗೆ ಒಂದು ಹೆಣ್ಣುಮಗಳ ಬೆನ್ನುಹುರಿ ಕೊಟ್ಟು ಕಳಿಸಿದಾರಲ್ಲ, ಮೊದಲು ಅವರಿಗೆ ಹೊಡೀಬೇಕು.”

ಡಾಕ್ಟರ್ ಪ್ರಹ್ಲಾದ ಇದನ್ನು ಕೂಗಿ ಹೇಳಲಿಲ್ಲ. ಕೂಗುವ ಅಗತ್ಯವೂ ಇರಲಿಲ್ಲ, ಹೆಸರು ಕರೆಯುವ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ತೂಕದ ಕೋಣೆಯ ಬೆಂಚುಗಳ ಮೇಲೆ ನಲವತ್ತು ಮನೆಯವರು ಕುಳಿತಿದ್ದರು. ಎಲ್ಲರ ತೊಡೆಯ ಮೇಲೂ ಗಾಳಿಗೆ ತೂತು ಕೊರೆದ ಒಂದೊಂದು ಡಬ್ಬಿ. ಎಲ್ಲರೂ ಕೇಳಿಸಿಕೊಂಡರು. ಕೆಲವರು ತಮ್ಮ ಡಬ್ಬಿಯ ಕಡೆಗೆ ನೋಡಿಕೊಂಡರು, ಉಳಿದವರು ಕದಿರೇಶನ ಬೆನ್ನು ನೋಡಿದರು.

ತಕ್ಕಡಿಯ ಬಟ್ಟಲಲ್ಲಿ ಚುಕ್ಕಿ ಮಲಗಿತ್ತು. ಹಳದಿ ಮೈ ತುಂಬ ಕಪ್ಪು ಮಚ್ಚೆಗಳ ಚಿರತೆಹಲ್ಲಿ. ಮನೆಗೆ ಬಂದಾಗ ಹೆಬ್ಬೆರಳ ದಪ್ಪ ಕುತ್ತಿಗೆ, ಹೊಳೆಯುವ ಕಣ್ಣು. ಈಗ ಪಕ್ಕೆಲುಬು ಎಣಿಸಬಹುದಿತ್ತು. ಗೋಡೆಯ ಫಲಕದಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು: ಮೂವತ್ತನಾಲ್ಕು ಗ್ರಾಂ. ಕೊಟ್ಟ ದಿನ ಐವತ್ತೆರಡು ಇತ್ತು.

“ಎಷ್ಟು ಓದಿದೀಯಾ?” ಡಾಕ್ಟರು ಕೇಳಿದರು.

“ಏಳು.”

“ಏಳು ಪಾಸೋ, ಫೇಲೋ?”

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಕದಿರೇಶನ ಕಿವಿ ಕಾದವು. ಇಪ್ಪತ್ಮೂರು ವರ್ಷದ ಬದುಕಿನಲ್ಲಿ ಇಷ್ಟು ಮಾತಿಗೆ ಅವನು ಎಷ್ಟೋ ಜನರ ಕೊರಳಪಟ್ಟಿ ಹಿಡಿದಿದ್ದ. ಮೈಯಿಂದ ಸತ್ತ ಹುಳದ ವಾಸನೆ ಬರುತ್ತದೆ ಎಂದು ಮೇಷ್ಟ್ರು ಹಿಂದಿನ ಸಾಲಿಗೆ ತಳ್ಳಿದ್ದಕ್ಕೇ ಶಾಲೆ ಬಿಟ್ಟವನು ಅವನು. ಇವತ್ತು ಕೈಯನ್ನು ಜೇಬಿನೊಳಗೆ ತುರುಕಿ ಮುಷ್ಟಿ ಕಟ್ಟಿದ. ಬಟ್ಟಲಲ್ಲಿ ಮಲಗಿದ್ದದ್ದು ಬರೀ ಹಲ್ಲಿಯಾಗಿದ್ದರೆ ಕಥೆ ಬೇರೆ ಇರುತ್ತಿತ್ತು. ಅದರ ಬಾಲದೊಳಗೆ ಅವನ ಅಕ್ಕ ಸುಗುಣಳ ಎರಡು ಕಾಲುಗಳಿದ್ದವು.

ಬಾಲದ ಚಿಕಿತ್ಸೆ ಬಂದು ಆರು ವರ್ಷವಾಗಿತ್ತು. ಬಾಲ ಕಡಿದರೆ ಹಲ್ಲಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಮನುಷ್ಯನಿಗೆ ತುಂಡಾದ ಬೆನ್ನುಹುರಿ ಮತ್ತೆ ಬೆಳೆಯುವುದಿಲ್ಲ. ಹಾಗಾದರೆ ಮನುಷ್ಯನ ನರವನ್ನು ಹಲ್ಲಿಯ ಬಾಲದಲ್ಲೇ ಬೆಳೆಸಿದರೆ? ಆ ಪ್ರಶ್ನೆಯಿಂದ ಹುಟ್ಟಿದ ಚಿಕಿತ್ಸೆ ಇದು. ರೋಗಿಯ ಮೂಗಿನೊಳಗಿನ ಮೇಲ್ಭಾಗದಿಂದ ಒಂದು ಚಿಟಿಕೆ ಜೀವಕೋಶ ತೆಗೆದು, ಹಲ್ಲಿಯ ಬಾಲ ಉದುರಿಸಿ, ಆ ಗಾಯದಲ್ಲಿ ಬಿತ್ತುತ್ತಾರೆ. ಹೊಸ ಬಾಲ ಬೆಳೆಯುವಾಗ ಅದರ ಜೊತೆಯಲ್ಲೇ ರೋಗಿಯ ನರದ ಎಳೆಯೂ ಬೆಳೆಯುತ್ತದೆ. ನೂರು ದಿನ ಕಳೆದ ಮೇಲೆ ಬಾಲ ತೆಗೆದು ಆ ಎಳೆಯನ್ನು ಬೆನ್ನಿನ ಕಡಿದ ಜಾಗಕ್ಕೆ ಕೂಡಿಸುತ್ತಾರೆ. ಮೊದಮೊದಲು ಹಲ್ಲಿಗಳನ್ನು ಪ್ರಯೋಗಶಾಲೆಯಲ್ಲೇ ಸಾಕಿದರು. ಆ ಎಳೆಗಳು ಮನುಷ್ಯನ ಮೈ ಸೇರಿದ ವಾರಕ್ಕೇ ಸತ್ತವು. ರೋಗಿಯ ಮೈಯ ಬಿಸಿಯಲ್ಲಿ ದಿನಕ್ಕೆ ಎರಡು ತಾಸು ಮಲಗಿದ ಹಲ್ಲಿಯ ಎಳೆ ಮಾತ್ರ ಬದುಕಿತು. ಯಾಕೆ ಎಂದು ಇವತ್ತಿಗೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಹೀಗಾಗಿ ಹಲ್ಲಿಗಳು ಮನೆ ಸೇರಿದವು, ಈ ಚಿಕಿತ್ಸೆಯ ಕೇಂದ್ರಕ್ಕೆ ಬಾಲದಾಸ್ಪತ್ರೆ ಎಂಬ ಹೆಸರು ಬಿತ್ತು, ಮಂಗಳವಾರ ತೂಕದ ದಿನವಾಯಿತು.

ತೂಕ ಯಾಕೆಂದರೆ, ಹಲ್ಲಿಗೆ ಬಾಲವೇ ಉಗ್ರಾಣ. ಹೊಟ್ಟೆಗಿಲ್ಲದಾಗ ಅದು ಬಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ಬದುಕುತ್ತದೆ. ಕೊಬ್ಬು ತೀರಿದ ಮೇಲೆ ಬಾಲದೊಳಗೆ ಬೇರೇನಿದೆಯೋ ಅದನ್ನು.

ಬಾಗಿಲ ಹತ್ತಿರ ತಂತ್ರಜ್ಞೆ ಶಾಹೀನಾ ಅವನನ್ನು ತಡೆದಳು. ಅವಳೂ ಕದಿರೇಶನಂತೆ ರೇಷ್ಮೆಯ ಊರು ಶಿಡ್ಲಘಟ್ಟದವಳು. ಅಪ್ಪ ನೂಲು ಬಿಚ್ಚಾಣಿಕೆಯ ಮೇಸ್ತ್ರಿ.

“ಅವರ ಮಾತು ಬಿಡಿ ಅಣ್ಣಾ. ಕೇಂದ್ರದ ಪೊಟ್ಟಣದ ಹುಳ ತಿಂತಾ ಇಲ್ವಾ ಇದು?”

“ಮೂಸಿ ನೋಡಿ ಮುಖ ತಿರುಗಿಸ್ತದೆ.”

“ಹಾಗಾದ್ರೆ ಜೀವ ಇರೋ ಮೆತ್ತನೆ ಹುಳ ಕೊಡಿ. ರೇಷ್ಮೆಹುಳ ಆಗ್ತದೆ. ಶಿಡ್ಲಘಟ್ಟದಲ್ಲಿ ಅದಕ್ಕೇನು ಬರವಾ?”

ಕದಿರೇಶ ತಲೆಯಾಡಿಸಿ ಹೊರಬಿದ್ದ. ಬಸ್ಸಿನಲ್ಲಿ ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡ. ಹುಳ ಎಂದರೆ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಸುಗುಣ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದಳು. ಹಿಪ್ಪುನೇರಳೆ ಸೊಪ್ಪಿನ ಟ್ರ್ಯಾಕ್ಟರಿನ ಹೇರಿನ ಮೇಲಿಂದ ಮೋರಿಯ ಕಟ್ಟೆಗೆ ಬೆನ್ನು ಬಡಿದು ಬಿದ್ದು ಎರಡೂವರೆ ವರ್ಷ. ಸೊಂಟದಿಂದ ಕೆಳಗೆ ಅವಳಿಗೆ ಅವಳೇ ಇರಲಿಲ್ಲ. ಮೇಲೆ ಮಾತ್ರ, ಬಾಯಿಯೊಂದಿಗೆ, ಪೂರ್ತಿ ಇದ್ದಳು.

“ಏನಂದ ನಿನ್ನ ಡಾಕ್ಟರು?”

“ಏನಿಲ್ಲ.”

“ಏನಿಲ್ಲ ಅಂದ್ರೆ ಚೆನ್ನಾಗಿ ಉಗಿದವ್ನೆ ಅಂತ. ನಿನ್ನ ಮುಖ ನೋಡಿದ್ರೇನೇ ಗೊತ್ತಾಗ್ತದೆ. ಕೊಡಿಲ್ಲಿ ನಿನ್ನ ಹೆಂಡ್ತೀನ.”

ಅವನು ಡಬ್ಬಿ ತೆಗೆದು ಚುಕ್ಕಿಯನ್ನು ಅವಳ ಕುತ್ತಿಗೆಯ ಗುಣಿಯಲ್ಲಿ ಬಿಟ್ಟ. ಅದು ಹೊಟ್ಟೆಯನ್ನು ಚರ್ಮಕ್ಕೆ ಒತ್ತಿ ಕಣ್ಣು ಮುಚ್ಚಿತು. ಪಕ್ಕದ ಮನೆಯ ಪಾಪಮ್ಮ ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದಳು.

“ಹಲ್ಲಿ ಮೈಮೇಲೆ ಬಿದ್ರೆ ತಲೆಗೆ ನೀರು ಹಾಕ್ಕೋಬೇಕು ಅಂತಾರೆ. ನೀನೇ ಎತ್ತಿ ಹಾಕ್ಕೊಂತೀಯಲ್ಲೇ ಸುಗುಣಾ.”

“ಕುತ್ತಿಗೆ ಮೇಲೆ ಬಿದ್ರೆ ಏನು ಫಲ ಅಂತ ಪಂಚಾಂಗ ನೋಡ್ಕೊಂಡು ಬಾ ಹೋಗಕ್ಕಾ. ಒಳ್ಳೇದಿದ್ರೆ ಹೇಳು, ಕೆಟ್ಟದ್ದಿದ್ರೆ ನೀನೇ ಇಟ್ಕೋ.”

ಪಾಪಮ್ಮ ನಗುತ್ತ ಹೋದಳು. ಅವಳು ಹೋದ ಮೇಲೆ ಸುಗುಣಳ ನಗು ನಿಂತಿತು. ಒಂದು ಬೆರಳಿನಿಂದ ಹಲ್ಲಿಯ ಬೆನ್ನು ಸವರಿದಳು.

“ಮೂಳೆ ಸಿಗ್ತಾ ಇದೆ ಕಣೋ.”

“ನಾಳೆಯಿಂದ ರೇಷ್ಮೆಹುಳ ಕೊಡ್ತೀನಿ. ಎರಡು ವಾರದಲ್ಲಿ ಎಮ್ಮೆ ಥರ ಮಾಡ್ತೀನಿ.”

“ಓಡ್ಬೇಕು, ಕುಣೀಬೇಕು ಅಂತೇನೂ ಇಲ್ಲ ನಂಗೆ. ಬಚ್ಚಲಿಗೆ ನಾನೇ ಹೋಗಿ ಒಳಗಡೆಯಿಂದ ಚಿಲಕ ಹಾಕ್ಕೋಬೇಕು. ಅಷ್ಟು ಸಾಕು.”

ಅವನು ಮುಖ ತಿರುಗಿಸಿಕೊಂಡ. ತಾಯಿ ಸತ್ತಾಗ ಒಂಬತ್ತು ವರ್ಷದವನಿಗೆ ಸ್ನಾನ ಮಾಡಿಸಿದ್ದು ಇದೇ ಅಕ್ಕ. ಈಗ ಅವಳಿಗೆ ಮೈ ತೊಳೆಸಲು ಪಾಪಮ್ಮ ಬರುತ್ತಿದ್ದಳು. ಪಾಪಮ್ಮ ಬಾರದ ದಿನ ಅವನೇ, ಕಣ್ಣು ಬೇರೆಡೆ ಇಟ್ಟುಕೊಂಡು.

ಮರುದಿನ ಬೆಳಗ್ಗೆ ಚಿಕ್ಕಪ್ಪ ಗಂಗುಲಪ್ಪನ ಹುಳುಮನೆಗೆ ಹೋದ. ಊರಾಚೆಯ ಉದ್ದನೆಯ ಕಟ್ಟಡ, ಒಳಗೆ ಅಟ್ಟ ಅಟ್ಟವಾಗಿ ತಟ್ಟೆಗಳು, ತಟ್ಟೆಗಳ ತುಂಬ ಸಣ್ಣ ಮಳೆಯಂತೆ ಸೊಪ್ಪು ಮೇಯುವ ಸದ್ದು. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಈ ಕಡೆಯವರು ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳದ ಚರ್ಮ ಹಸುಗೂಸಿನ ಕೆನ್ನೆಯಂತಿರುತ್ತದೆ. ಸೋತ ಹಲ್ಲಿಯ ಹೊಟ್ಟೆಗೆ ಅದಕ್ಕಿಂತ ಮೆತ್ತನೆಯದು ಇನ್ನೇನಿದೆ?

“ಮೂರನೇ ಜ್ವರ ಎದ್ದವು ಯಾವ ತಟ್ಟೇಲವೆ ಚಿಕ್ಕಪ್ಪಾ?”

“ಆ ಕೊನೇ ಸಾಲು. ಈಗಷ್ಟೇ ಪುಡಿ ಹಾಕಿ ಸೊಪ್ಪು ಕೊಟ್ಟಿದೀನಿ. ಬೇಕಾದಷ್ಟು ತಗೋ. ಸುಗುಣಂಗೆ ಅಂದ್ರೆ ನಾನು ಇಡೀ ತಟ್ಟೆ ಎತ್ತಿ ಕೊಡ್ತೀನಿ.”

ಕದಿರೇಶ ಆರಿಸಿ ಆರಿಸಿ ಹತ್ತು ಹುಳ ತೆಗೆದ. ಬೆಳ್ಳಗೆ, ಹಸಿದು ತಲೆಯಾಡಿಸುತ್ತಿದ್ದವು. ಸೊಪ್ಪಿನ ಮೇಲಿಟ್ಟು ಬುಟ್ಟಿಗೆ ಹಾಕಿದ. ತೊಳೆಯಲಿಲ್ಲ. ಹುಳಕ್ಕೆ ನೀರು ತಾಕಿಸಬಾರದು, ಒದ್ದೆ ಸೊಪ್ಪನ್ನೂ ಕೊಡಬಾರದು ಎಂಬುದು ಈ ಊರಿನಲ್ಲಿ ಮಾತು ಕಲಿಯುವ ಮೊದಲೇ ಕಲಿಯುವ ಪಾಠ.

ಚುಕ್ಕಿ ಮೊದಲು ಸುಮ್ಮನಿತ್ತು. ಹುಳ ತಲೆ ಅಲ್ಲಾಡಿಸಿತು. ಹಲ್ಲಿಯ ಬಾಲದ ತುದಿ ನಡುಗಿತು, ಕುತ್ತಿಗೆ ಮುಂದಕ್ಕೆ ಬಂತು, ಚಕ್ಕೆಂದು ಹಿಡಿಯಿತು. ಒಂದಾದ ಮೇಲೆ ಒಂದು, ಆರು ಹುಳ.

“ಅಯ್ಯೋ ನಿನ್ನ ಮನೆ ಹಾಳಾಗ, ಮದುವೆ ಊಟ ತಿಂದಂಗೆ ತಿಂತಾಳಲ್ಲೋ!” ಎಂದು ಸುಗುಣ ಚಪ್ಪಾಳೆ ತಟ್ಟಿದಳು. ಅವಳ ಕಣ್ಣು ತುಂಬಿತ್ತು. ಕದಿರೇಶ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕುಳಿತು, ಡಾಕ್ಟರ್ ಪ್ರಹ್ಲಾದನ ತಾಯಿ ತಂಗಿ ಯಾರನ್ನೂ ಬಿಡದೆ ಮನಸಾರೆ ಬೈದ.

ಅಲ್ಲಿಂದ ಅವನ ದಿನಚರಿ ಅದೇ ಆಯಿತು. ಬೆಳಗ್ಗೆ ಸೈಕಲ್ ಹತ್ತಿ, ಇವತ್ತು ಯಾರ ಮನೆಯಲ್ಲಿ ಹುಳ ಜ್ವರದಿಂದ ಎದ್ದಿದೆ ಎಂದು ವಿಚಾರಿಸುವುದು. ಚಿಕ್ಕಪ್ಪನ ಮನೆಯಲ್ಲಿ ಇಲ್ಲದಿದ್ದರೆ ಮೇಲೂರಿನ ಕಡೆಯ ಇನ್ನೊಬ್ಬರ ಮನೆ. ಒಂದು ದಿನವೂ ಹಳೆಯ ಹುಳ ಹಾಕಲಿಲ್ಲ. ಆಮೇಲೆ ಬಿಚ್ಚಾಣಿಕೆಯ ಕೆಲಸ. ಕುದಿಯುವ ತೊಟ್ಟಿಯ ಮುಂದೆ ನಿಂತು, ಗೂಡುಗಳಿಂದ ಏಳುವ ಎಳೆಗಳನ್ನು ಕೂಡಿಸಿ ರಾಟೆಗೆ ಎಸೆಯುವುದು. ಎಳೆ ಕಡಿದರೆ ಗೂಡನ್ನು ಬಿಸಿನೀರಿನಲ್ಲಿ ಬೆರಳಿನಿಂದ ತಿರುಗಿಸಿ ತುದಿ ಹುಡುಕಬೇಕು, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅಕ್ಕನದೂ ಹಾಗೇ ಎಂದು ಅವನು ನಂಬಿಕೊಂಡಿದ್ದ.

ಚುಕ್ಕಿ ಐದು ದಿನ ಚೆನ್ನಾಗಿ ತಿಂದಿತು. ಆರನೆಯ ದಿನ ಎರಡೇ ಹುಳ. ಆಮೇಲೆ ಒಂದು. ಆಮೇಲೆ ಹಿಡಿದು, ಅಗಿದು, ಉಗುಳಿತು. ಹಿಕ್ಕೆ ನೀರಾಯಿತು. ಕದಿರೇಶ ಇನ್ನೂ ಎಳೆಯ, ಇನ್ನೂ ಬೆಳ್ಳಗಿನ ಹುಳ ಹುಡುಕಿಕೊಂಡು ಇನ್ನೂ ದೂರ ಹೋದ.

ಎರಡು ವಾರ ಬಿಟ್ಟು ಮಂಗಳವಾರ, ಫಲಕ ಇಪ್ಪತ್ತೊಂಬತ್ತು ಎಂದಿತು. ಡಾಕ್ಟರು ಈ ಸಲ ಮೈಕಿನ ಮುಂದೆ ನಾಲಗೆಯಿಂದ ಲೊಚಗುಟ್ಟಿ, ಮುಂದಿನ ಹೆಸರು ಕರೆದರು.

ಶಾಹೀನಾ ಅವನನ್ನು ಸ್ಕ್ಯಾನಿನ ಕೋಣೆಗೆ ಕರೆದುಕೊಂಡು ಹೋದಳು. ತಣ್ಣನೆಯ ತಟ್ಟೆಯ ಮೇಲೆ ಹಲ್ಲಿಯನ್ನು ಮಲಗಿಸಿ ಮಂಪರು ಬರಿಸಿದಳು. ಪರದೆಯ ಮೇಲೆ ಬಾಲ ಬೂದು ಬಣ್ಣದ ಓಣಿಯಂತೆ ಮೂಡಿತು. ನಡುವೆ ಕೂದಲಿನಷ್ಟು ಸಣ್ಣ ಬಿಳಿ ಗೆರೆ.

“ಇದೇ ಸುಗುಣಕ್ಕನ ಎಳೆ. ಇನ್ನೂ ಇದೆ. ತೆಳ್ಳಗಾಗಿದೆ.” ಪರದೆ ಆರಿಸಿ ಅವನ ಕಡೆ ತಿರುಗಿದಳು. “ಹುಳ ತಿಂದೂ ಇಳೀತಾ ಇದೆ ಅಂದ್ರೆ ಕರುಳಿಗೆ ಏನೋ ಆಗಿದೆ. ಹುಳಕ್ಕೆ ಏನಾದ್ರೂ ಹಾಕಿದ್ರಾ ಅಣ್ಣಾ? ಔಷಧಿ, ಸ್ಪ್ರೇ, ಪುಡಿ, ಏನಾದ್ರೂ?”

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಕದಿರೇಶನಿಗೆ ಆ ಪ್ರಶ್ನೆ ಶಾಹೀನಾಳದಾಗಿ ಕೇಳಿಸಲಿಲ್ಲ. ಏಳು ಪಾಸೋ ಫೇಲೋ ಎಂದವರೇ ಕೇಳಿದಂತಾಯಿತು.

“ನಾವೇನು ತಲೆ ಕೆಟ್ಟೋರಾ ವಿಷ ಹಾಕೋಕೆ? ನಮ್ಮ ಚಿಕ್ಕಪ್ಪನ ಮನೆ ಹುಳ ಅವು. ಎದೆಹಾಲು ಕೊಟ್ಟಂಗೆ ಸಾಕಿರೋದು. ಏನೂ ಹಾಕಿಲ್ಲ. ಕೇಳೋದಿದ್ರೆ ನಿಮ್ಮ ಪೊಟ್ಟಣಕ್ಕೆ ಏನ್ ಹಾಕಿದೀರೋ ಅದನ್ನ ಕೇಳ್ಕೊಳ್ಳಿ!”

“ಹಾಗಲ್ಲ ಅಣ್ಣಾ, ನೆನಪು ಮಾಡಿಕೊಂಡು...”

“ಹಾಕಿಲ್ಲ ಅಂದ್ನಲ್ಲ!”

ಹಾಗೆಂದು ಡಬ್ಬಿ ಎತ್ತಿಕೊಂಡು ಬಂದ. ಸುಳ್ಳು ಹೇಳಿರಲಿಲ್ಲ. ಜ್ವರದಿಂದ ಎದ್ದ ಹುಳದ ಮೇಲೆ ಪುಡಿ ಉದುರಿಸುವುದು ಈ ಊರಿನವರಿಗೆ ಹಾಕುವುದೇ ಅಲ್ಲ. ಅನ್ನಕ್ಕೆ ನೀರಿಟ್ಟೆಯಾ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಆ ಸಿಟ್ಟಿನಲ್ಲಿ ಎಂಟು ದಿನ ಹೋದವು.

ಒಂಬತ್ತನೆಯ ದಿನ ಗಂಗುಲಪ್ಪನ ಕೂಲಿಯಾಳು ಬಂದಿರಲಿಲ್ಲ. ನಾಲ್ಕನೆಯ ಜ್ವರ ಎದ್ದ ಹುಳ ತಟ್ಟೆಗಳ ತುಂಬ ಹಸಿದು ಹರಿದಾಡುತ್ತಿದ್ದವು. ಸೊಪ್ಪು ಕೊಡುವ ಮೊದಲು ಪುಡಿ ಉದುರಿಸಬೇಕು. ಸುಣ್ಣಕ್ಕೆ ರೋಗನಾಶಕ ಬೆರೆಸಿದ ಬಿಳಿ ಪುಡಿ. “ನೀನೇ ಒಂದು ಕೈ ಹಾಕಪ್ಪಾ” ಎಂದ ಚಿಕ್ಕಪ್ಪ. ಕದಿರೇಶ ಟವೆಲನ್ನು ಮೂಗು ಬಾಯಿ ಮುಚ್ಚುವಂತೆ ಬಿಗಿದು, ತೆಳುಬಟ್ಟೆಯ ಗಂಟಿನಲ್ಲಿ ಪುಡಿ ತುಂಬಿ, ತಟ್ಟೆಗಳ ಮೇಲೆ ಕುಟ್ಟುತ್ತ ಹೋದ. ಹತ್ತು ವರ್ಷದವನಿದ್ದಾಗಿನಿಂದ ಮಾಡಿದ ಕೆಲಸ. ಕೈ ತಾನಾಗಿ ನಡೆಯುತ್ತಿತ್ತು. ಬಿಳಿ ಪುಡಿ ಎಳೆಯ ಹುಳಗಳ ಮೇಲೆ ಇಬ್ಬನಿಯಂತೆ ಕೂತಿತು.

“ಟವೆಲು ಜಾರ್ತಾ ಐತೆ ನೋಡ್ಕೋ! ಒಳಕ್ಕೆ ಹೋದ್ರೆ ಎದೆ ಸುಟ್ಟೋಗ್ತದೆ!” ಗಂಗುಲಪ್ಪ ಆ ಕಡೆಯಿಂದ ಕೂಗಿದ.

ಕೈ ನಿಂತಿತು.

“ಚಿಕ್ಕಪ್ಪಾ. ಇದು ಹುಳದ ಹೊಟ್ಟೆಗೆ ಹೋದ್ರೆ?”

“ಹುಳಕ್ಕೆ ಏನೂ ಆಗಲ್ಲ ಬಿಡೋ. ಮೈಮೇಲೆ ಇರ್ತದೆ, ರೋಗ ಸಾಯ್ತದೆ, ಅಷ್ಟೇ.”

“ಆ ಹುಳಾನ ಇನ್ನೊಂದು ಜೀವ ತಿಂದ್ರೆ?”

“ಇದನ್ನ ಯಾವನಪ್ಪ ತಿಂತಾನೆ...” ಎಂದು ನಗಲು ಹೊರಟ ಗಂಗುಲಪ್ಪ ಕಂಬದ ಮೊಳೆಗೆ ನೇತುಹಾಕಿದ್ದ ಕದಿರೇಶನ ಬುಟ್ಟಿ ನೋಡಿದ. ಬಾಯಿ ಹಾಗೇ ತೆರೆದಿತ್ತು. ಆಮೇಲೆ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ, ಸಾವಿನ ಮನೆಯಲ್ಲಿ ನಿಲ್ಲುವಂತೆ.

ಕದಿರೇಶ ಮನೆಯವರೆಗೆ ಸೈಕಲ್ ತುಳಿದದ್ದು ಅವನಿಗೇ ನೆನಪಿರಲಿಲ್ಲ. ಸುಗುಣಳ ಎದುರು ನಿಂತು ಎಲ್ಲವನ್ನೂ ಹೇಳಿದ. ಬೈಯಲಿ ಎಂದು ಕಾದ. ಕೈಗೆ ಸಿಕ್ಕಿದ್ದು ಎತ್ತಿ ಎಸೆಯಲಿ ಎಂದು ಕಾದ. ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

“ಹತ್ತು ವರ್ಷ ನಾನೂ ಆ ಪುಡಿ ಹಾಕಿದೀನಿ. ನೀನು ದಿನಾ ನನ್ನ ಕಣ್ಣ ಮುಂದೇನೇ ತಿನ್ನಿಸ್ದೆ. ನಂಗೂ ಹೊಳೀಲಿಲ್ಲವಲ್ಲೋ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಕೇಂದ್ರದಲ್ಲಿ ಶಾಹೀನಾಳಿಗೆ ಹೇಳುವಾಗ ಅವನ ದನಿ ನೆಲಕ್ಕಿಳಿದಿತ್ತು. ಅವಳು, ಆವತ್ತು ಕೇಳಿದೆನಲ್ಲ ಎನ್ನಲಿಲ್ಲ. ಗೋಡೆಗೆ ಹಚ್ಚುವ ದೊಡ್ಡ ಹಾಳೆಯ ಮೇಲೆ, ಹುಳುಮನೆಯ ಹುಳ ಕೊಡುವವರು ತೊಳೆದು ಒರೆಸಿ ಕೊಡಬೇಕು, ಪುಡಿ ಬಿದ್ದದ್ದು ಬೇಡವೇ ಬೇಡ ಎಂದು ಬರೆದಳು. ಆಮೇಲೆ ಕರುಳು ತೊಳೆಯುವ ಹನಿ, ದ್ರವದ ಆಹಾರ, ಇಂಕಿನ ಫಿಲ್ಲರಿನಂಥ ಸಣ್ಣ ಪಿಚಕಾರಿ ಕೊಟ್ಟಳು.

“ಈಗ ಮತ್ತೆ ಸ್ಕ್ಯಾನ್ ಮಾಡಲ್ಲ ಅಣ್ಣಾ. ತಣ್ಣಗೆ ಮಾಡಿದ್ರೆ ಸತ್ತೇ ಹೋಗ್ತದೆ. ಐವತ್ತು ಗ್ರಾಂ ಆಗಲಿ, ಆಮೇಲೆ ನೋಡೋಣ.”

“ಎಳೆ ಉಳಿದಿರ್ತದಾ?”

“ಹಲ್ಲಿ ಉಳಿದ್ರೆ ತಾನೇ ಎಳೆ? ಮೊದಲು ಅದನ್ನ ಉಳಿಸಿ.”

ಇಪ್ಪತ್ತಾರು ಗ್ರಾಮಿಗೆ ಇಳಿದಿದ್ದ ಹಲ್ಲಿಯನ್ನು ಅಕ್ಕ ತಮ್ಮ ಇಬ್ಬರೂ ಸೇರಿ ಉಳಿಸಿದರು. ಕದಿರೇಶ ಉಗುರುಬಿಸಿ ನೀರನ್ನು ಬೆರಳಷ್ಟು ಎತ್ತರಕ್ಕೆ ಬಟ್ಟಲಿಗೆ ಹಾಕಿ, ಚುಕ್ಕಿಯ ಗದ್ದವನ್ನು ತನ್ನ ಬೆರಳ ಮೇಲೆ ಇರಿಸಿಕೊಂಡು ಹತ್ತು ನಿಮಿಷ ಕೂರುತ್ತಿದ್ದ. ನೀರಿನಲ್ಲಿ ಹೊಟ್ಟೆ ಸಡಿಲವಾಗುತ್ತಿತ್ತು. ಬಾಯಿ ತೆರೆಸುವುದು ಅವನ ಒರಟು ಕೈಗೆ ಆಗದ ಕೆಲಸ. ಅದನ್ನು ಸುಗುಣ ಮಾಡಿದಳು. ಬೀಳುವ ಮೊದಲು ಬಿಚ್ಚಾಣಿಕೆಯಲ್ಲಿ ರೇಷ್ಮೆ ಎಳೆಯ ತುದಿ ಹಿಡಿದು ಪಳಗಿದ ಬೆರಳು ಅವಳವು. ಹಲ್ಲಿಯ ತುಟಿಯಂಚಿಗೆ ಒಂದು ಹನಿ ಮುಟ್ಟಿಸಿ ಕಾಯುವಳು. ನಾಲಗೆ ಬಂದು ನೆಕ್ಕುವವರೆಗೆ ಕಾಯುವಳು. ಇನ್ನೊಂದು ಹನಿ. ಒಂದೊಂದು ಸಲ ಐದು ಹನಿಗೆ ಒಂದು ತಾಸು.

“ತಿನ್ನೇ ತಾಯಿ. ನಿನ್ನ ಗಂಡ ಕೆಲಸ ಬಿಟ್ಟು ಕೂತವ್ನೆ.”

“ಅಕ್ಕಾ, ಅದು ನನ್ನ ಹೆಂಡ್ತಿ ಅನ್ನೋದು ಬಿಡ್ತೀಯಾ ಇಲ್ವಾ?”

“ಬೇರೆ ಯಾವಳು ಬತ್ತಾಳೋ ನಿನ್ನ ಮುಖಕ್ಕೆ? ಸಿಟ್ಟು ಒಂದು ಸೇರಿಗೆ ಎರಡು ಸೇರು.”

ಮೊದಲ ವಾರ ತೂಕ ಕದಲಲಿಲ್ಲ. ಎರಡನೆಯ ವಾರ ಹಿಕ್ಕೆ ಗಟ್ಟಿಯಾಯಿತು. ಅದನ್ನು ಅವನು ಒಂದು ಕಾಗದದ ಮೇಲೆ ಇಟ್ಟು ಸುಗುಣಳಿಗೆ ತೋರಿಸಿದ. ಇಬ್ಬರೂ ಅದನ್ನು ಒಡವೆ ನೋಡಿದಂತೆ ನೋಡಿದರು. ಮೂರನೆಯ ವಾರ, ತೊಳೆದು ಹತ್ತಿಬಟ್ಟೆಯಲ್ಲಿ ಒರೆಸಿದ ಒಂದು ಹುಳವನ್ನು ಚುಕ್ಕಿ ತಾನಾಗಿಯೇ ಹಿಡಿಯಿತು. ಮೂವತ್ತಮೂರು. ಮೂವತ್ತೊಂಬತ್ತು. ಕುತ್ತಿಗೆ ತುಂಬಿತು. ಮಚ್ಚೆಗಳಿಗೆ ಹೊಳಪು ಬಂತು. ಕದಿರೇಶ ಒಳಗೆ ಬಂದರೆ ಡಬ್ಬಿಯ ಅಂಚಿಗೆ ಮುಂಗಾಲಿಟ್ಟು ನಿಲ್ಲುತ್ತಿತ್ತು. ಬಾಲ ದಪ್ಪವಾಗುತ್ತ ಬಂತು, ಬುಡದಲ್ಲಿ ಉಂಗುರ ಉಂಗುರವಾಗಿ, ನೆಲಗಡಲೆ ಕಾಯಿಯಂತೆ.

ಒಂದು ಮಧ್ಯಾಹ್ನ ಸುಗುಣ ಅವನನ್ನು ಕರೆದಳು.

“ಎಡಗಾಲಿನ ಹೆಬ್ಬೆರಳಲ್ಲಿ ಇರುವೆ ಹರಿದಂಗಾಯ್ತು ಕಣೋ.”

ಅವನು ಹೊದಿಕೆ ಸರಿಸಿ ನೋಡಿದ. ಇರುವೆ ಇರಲಿಲ್ಲ. ಆಪರೇಷನ್ ಆಗದೆ ಅಲ್ಲಿ ಏನೂ ಅನಿಸುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಇಬ್ಬರೂ ಆ ಬೆರಳನ್ನು ಸುಮಾರು ಹೊತ್ತು ನೋಡುತ್ತ ಕುಳಿತರು. ಸಂಜೆ ಅವನು ಬಚ್ಚಲ ಬಾಗಿಲಿನ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಹಾಕಿದ. ಕುಳಿತವರ ಕೈಗೂ ಎಟುಕುವಂತೆ ಒಂದು ಅಡಿ ಕೆಳಗಿಳಿಸಿ ಜಡಿದ. ಸುಗುಣ ಮಂಚದಿಂದಲೇ ಮೊಳೆಯ ಸದ್ದು ಕೇಳಿಸಿಕೊಂಡಳು.

ತೂಕದ ಫಲಕ ಐವತ್ನಾಲ್ಕು ತೋರಿಸಿದ ಮಂಗಳವಾರ, ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಡಾಕ್ಟರ್ ಪ್ರಹ್ಲಾದ ಹುಬ್ಬು ಏರಿಸಿ, ಹಲ್ಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ಕ್ಯಾನಿಗೆ ಕಳಿಸಿದರು.

ಶಾಹೀನಾ ಸ್ಕ್ಯಾನಿನ ಕಡ್ಡಿಯನ್ನು ಬಾಲದ ಮೇಲೆ ಬುಡದಿಂದ ತುದಿಗೆ ಎಳೆದಳು. ತುದಿಯಿಂದ ಬುಡಕ್ಕೆ. ಮತ್ತೆ ಬುಡದಿಂದ. ಪರದೆ ಬೆಳ್ಳಗೆ ತುಂಬಿಕೊಂಡಿತ್ತು. ಕದಿರೇಶ ನಕ್ಕ.

“ಎಷ್ಟು ದಪ್ಪ ಆಗಿದೆಯಲ್ಲ ಎಳೆ!”

ಅವಳು ಒಂದು ಗುಂಡಿ ಒತ್ತಿದಳು. ಬಿಳಿಯೆಲ್ಲ ಹಳದಿಯಾಯಿತು.

“ಇದೆಲ್ಲಾ ಕೊಬ್ಬು ಅಣ್ಣಾ.”

“ಮತ್ತೆ ಎಳೆ?”

“ಇಲ್ಲ.”

“ಸರಿಯಾಗಿ ನೋಡು ತಾಯಿ. ತುದಿ ಇರ್ತದೆ. ಎಲ್ಲೋ ಒಳಗೆ ಸುತ್ಕೊಂಡಿರ್ತದೆ. ತುದಿ ಒಂದು ಸಿಕ್ಕಿದ್ರೆ ಸಾಕು, ಆಮೇಲೆ ಎಳ್ಕೋಬಹುದು.”

ಅವಳು ಅವನಿಗಾಗಿ ಇನ್ನೊಮ್ಮೆ ನೋಡಿದಳು. ಇನ್ನೂ ಒಮ್ಮೆ ನೋಡಿದಳು. ತುಂಬ ಸೋತಿದ್ದ ದಿನಗಳಲ್ಲಿ ಹಲ್ಲಿ ಅದನ್ನು ಕರಗಿಸಿಕೊಂಡಿದೆ, ಬಹುಶಃ ಹಿಂದಿನ ಸ್ಕ್ಯಾನ್ ಆದ ಮೇಲಿನ ಆ ಎಂಟು ದಿನಗಳಲ್ಲೇ, ಎಂದು ನಿಧಾನವಾಗಿ ಹೇಳಿದಳು. ಆಮೇಲೆ ಬೆಳೆದದ್ದು ಹಲ್ಲಿಯ ಸ್ವಂತ ಬಾಲ.

“ಮತ್ತೆ ಬಿತ್ತಿ. ಮೂಗಿಂದ ತೆಗೀರಿ ಇನ್ನೊಂದು ಸಲ.”

“ಒಂದೇ ಸಲ ಅಣ್ಣಾ ತೆಗೆಯೋಕಾಗೋದು. ಆ ಜಾಗ ಕಲೆಯಾಗಿ ಗಟ್ಟಿಯಾಗ್ತದೆ. ಸಹಿ ಹಾಕಿಸಿಕೊಳ್ಳುವಾಗ್ಲೇ ಹೇಳಿದ್ವಿ.”

“ನಂದು ತಗೊಳ್ಳಿ. ನಾನು ತಮ್ಮ ಅಲ್ವಾ? ಒಂದೇ ಹೊಟ್ಟೇಲಿ ಹುಟ್ಟಿರೋದು.”

ಶಾಹೀನಾ ಆಗದು ಎಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ತಟ್ಟೆಯ ಮೇಲೆ ಚುಕ್ಕಿ ಮಂಪರಿನಿಂದ ಎಚ್ಚೆತ್ತು, ಒಂದು ಕಣ್ಣು ತೆರೆದು, ನಾಲಗೆಯಿಂದ ಅದನ್ನು ಒರೆಸಿಕೊಂಡಿತು. ಕದಿರೇಶ ಕೈ ಚಾಚಿದ. ಅದು ಅಂಗೈ ಹತ್ತಿ ಬಿಸಿ ಹುಡುಕಿ ಮಣಿಕಟ್ಟಿಗೆ ಒತ್ತಿಕೊಂಡಿತು. ಒಂದು ಕ್ಷಣ ಅವನಿಗೆ ಅದನ್ನು ಗೋಡೆಗೆ ಬೀಸಿ ಹೊಡೆಯಬೇಕೆನಿಸಿತು. ಬೆರಳು ಬಿಗಿದವು. ಹಲ್ಲಿ ಅಲುಗಾಡಲಿಲ್ಲ, ಅವನ ನಾಡಿಯ ಮೇಲೆ ಗದ್ದವಿಟ್ಟು ಹಾಗೇ ಇತ್ತು. ಬೆರಳು ಸಡಿಲಾದವು.

ತೂಕದ ಕೋಣೆಗೆ ಮರಳಿದಾಗ ಡಾಕ್ಟರು ಪರದೆಯ ಚಿತ್ರವನ್ನು ತಮ್ಮ ಮೇಜಿನಲ್ಲೇ ನೋಡಿ ಮುಗಿಸಿದ್ದರು. ಮೈಕು ಎಂದಿನಂತೆ ಬಾಯಿಯ ಹತ್ತಿರವಿತ್ತು.

“ಎಳೆ ಹೋಗಿದೆ. ನಿಮ್ಮ ಅಕ್ಕನ ಹೆಸರು ಪಟ್ಟಿಯಿಂದ ತೆಗೀತೀವಿ, ಬೇಜಾರು ಮಾಡ್ಕೋಬೇಡ, ಹೀಗೂ ಆಗ್ತದೆ. ಹಲ್ಲಿ ಮಾತ್ರ ಫಸ್ಟ್ ಕ್ಲಾಸ್. ಇದನ್ನ ಮುಂದಿನವರಿಗೆ ಬಿತ್ತಬಹುದು.” ಪಕ್ಕದ ಬೆಂಚಿನಲ್ಲಿದ್ದ ಹೆಂಗಸನ್ನು ತೋರಿಸಿದರು. ನಲವತ್ತರ ಆಸುಪಾಸಿನವಳು, ಮಡಿಲಲ್ಲಿ ಹೊಸ ಖಾಲಿ ಡಬ್ಬಿ. ಮಾವಿನ ಮರದಿಂದ ಬಿದ್ದ ಗಂಡನನ್ನು ಮನೆಯಲ್ಲಿ ಮಲಗಿಸಿ ಬಂದಿದ್ದಳು. ಅವಳು ಎದ್ದು ನಿಂತು, ಏನು ಹೇಳಬೇಕೋ ತಿಳಿಯದೆ ಕದಿರೇಶನಿಗೆ ಕೈ ಮುಗಿದಳು.

ಅವನು ಚುಕ್ಕಿಯನ್ನು ಮಣಿಕಟ್ಟಿನಿಂದ ಬಿಡಿಸಿ ಅವಳ ಡಬ್ಬಿಯೊಳಗೆ ಇಳಿಸಿದ. ಉಗುರುಗಳು ಅವನ ಚರ್ಮಕ್ಕೆ ಅಂಟಿಕೊಂಡಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು.

“ಹುಳ ತೊಳೆದು ಒರೆಸಿ ಕೊಡ್ರಮ್ಮಾ,” ಎಂದ. “ಮುಂದೆ ಇಟ್ಟು ಸುಮ್ನೆ ಕೂತ್ಕೊಳ್ಳಿ. ಅವಸರ ಮಾಡಿದ್ರೆ ತಿನ್ನಲ್ಲ.”

ಡಾಕ್ಟರ್ ಪ್ರಹ್ಲಾದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೆಚ್ಚಿ ನೋಡುತ್ತಿದ್ದರು.

“ನೋಡ್ರಪ್ಪಾ ಎಲ್ಲರೂ. ಸಾಯೋ ಹಲ್ಲೀನ ಎರಡು ತಿಂಗಳಲ್ಲಿ ಎಬ್ಬಿಸಿದಾನೆ. ನಮ್ಮ ಸ್ಟಾಫಿನ ಕೈಲೂ ಆಗಿಲ್ಲ ಇದು.” ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. “ಒಂದು ಕೆಲಸ ಮಾಡು. ಇಲ್ಲೇ ಸೇರ್ಕೊಂಡುಬಿಡು. ಸೋತ ಹಲ್ಲಿಗಳನ್ನೆಲ್ಲ ನಿನ್ನ ಕೈಗೇ ಕೊಡ್ತೀನಿ. ಓದು ಗೀದು ನಾನು ಕೇಳಲ್ಲ. ಏನಂತೀಯಾ?”

ನಲವತ್ತು ಮನೆಯವರು ಅವನ ಮುಖ ನೋಡಿದರು. ಯಾರೋ ಒಬ್ಬರು, “ಹ್ಞೂಂ ಅನ್ನಪ್ಪಾ, ಒಳ್ಳೇ ಅವಕಾಶ” ಎಂದರು. ಕದಿರೇಶನ ಗಂಟಲವರೆಗೆ ಬಂದ ಬೈಗುಳಗಳು ಯಾರ ಹೆಸರಿಗೆ ಬಂದವು ಎಂದು ಅವನಿಗೇ ತಿಳಿಯಲಿಲ್ಲ. ಡಾಕ್ಟರ ಹಿಂದಿನ ಗಡಿಯಾರದಲ್ಲಿ ಹನ್ನೊಂದೂವರೆ. ಈ ಹೊತ್ತಿಗೆ ಸುಗುಣ ದಿಂಬು ಸರಿಪಡಿಸಿಕೊಂಡು, ಬೀದಿಯ ತಿರುವು ಕಾಣುವಂತೆ ಕತ್ತು ಹೊರಳಿಸಿ ಕುಳಿತಿರುತ್ತಾಳೆ.

ಅವನು ತನ್ನ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಬೆಂಚುಗಳ ನಡುವಿನ ದಾರಿಯಲ್ಲಿ ಬಾಗಿಲ ಕಡೆಗೆ ನಡೆದ. ಕುಳಿತವರು ತಮ್ಮ ಡಬ್ಬಿಗಳನ್ನು ಎದೆಗೊತ್ತಿಕೊಂಡು, ಕಾಲು ಮಡಿಸಿ ಅವನಿಗೆ ದಾರಿ ಬಿಟ್ಟರು.

“ಏನಪ್ಪಾ, ಏನೂ ಹೇಳ್ಲೇ ಇಲ್ಲ?” ಎಂದಿತು ಮೈಕು.

ಅವನು ಹೊಸ್ತಿಲು ದಾಟಿ, ಬಿಸಿಲಿಗೆ ಇಳಿದು, ಬಸ್ಸು ನಿಂತಿದ್ದರೂ ಹತ್ತದೆ, ಊರಿನ ರಸ್ತೆ ಹಿಡಿದು ನಡೆಯುತ್ತ ಹೋದ.